ಖಾಲಿ ಪೆನ್‌ಡ್ರೈವ್ ಉಂಟಾ?

ಉಡುಪಿ ಕಡೆಯ ಮನೆಗಳಲ್ಲಿ ಪೆನ್‌ಡ್ರೈವ್‌ಗೆ ಬರ ಇಲ್ಲ. ಖಾಲಿ ಪೆನ್‌ಡ್ರೈವ್ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಕಾರಿನ ಸ್ಟೀರಿಯೊದಲ್ಲಿ ಒಂದು ಇದ್ದೇ ಇರುತ್ತದೆ, ಅದರ ತುಂಬ ತಾಳಮದ್ದಳೆ. ಕಪಾಟಿನಲ್ಲಿ ಇನ್ನೊಂದು, ಸ್ಟುಡಿಯೋದವರು ಮದುವೆಯ ಫೋಟೋ ತುಂಬಿಸಿ ಮರದ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕೊಟ್ಟದ್ದು. ಬೀಗದ ಕೈ ಗೊಂಚಲಿನಲ್ಲಿ ನೇತಾಡುವ ಮತ್ತೊಂದರಲ್ಲಿ ಏನುಂಟೆಂದು ಯಾರಿಗೂ ಗೊತ್ತಿಲ್ಲ. ಅಳಿಸಬಾರದು ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಬೇಕಾದರೆ ಮೊದಲು ಅದನ್ನು ಖಾಲಿ ಪೆನ್‌ಡ್ರೈವ್‌ಗೆ ಬರೆಯಬೇಕು, ಕಷ್ಟ ಶುರುವಾಗುವುದೇ ಇಲ್ಲಿ. ಉಳಿದದ್ದೆಲ್ಲ ಪುಕ್ಕಟೆ. ಉಬುಂಟು, ಮಿಂಟ್, ಡೆಬಿಯನ್, ಲಿನಕ್ಸ್‌ನ ಈ ಬಗೆಗಳಲ್ಲಿ ಯಾವುದು ಬೇಕೋ ಇಳಿಸಿಕೊಳ್ಳಿ, ಯಾರ ಅಪ್ಪಣೆಯೂ ಬೇಡ. ಹಿಂದೆ ಉಬುಂಟುವಿನವರು ಕೇಳಿದವರಿಗೆ ಸಿ.ಡಿ.ಯನ್ನೇ ಅಂಚೆಯಲ್ಲಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದ್ದೇ. 2011ರಲ್ಲಿ ಅದು ನಿಂತಿತು. ಈಗ ಪೆನ್‌ಡ್ರೈವ್ ನಮ್ಮದೇ ಆಗಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ವಾ? ವಿಂಡೋಸ್ 11 ನೋಡಿದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಹೊಸತು ಬೇಕು ಎನ್ನುತ್ತದೆ. ಬ್ರಹ್ಮಾವರದ ಸೋದರಮಾವನ ಲ್ಯಾಪ್‌ಟಾಪ್‌ನಲ್ಲಿ ಎರಡೂ ಇಲ್ಲ. ಆದರೆ ಆಸಾಮಿ ಗಟ್ಟಿಮುಟ್ಟು.

"ಇದನ್ನು ಗುಜರಿಗೆ ಹಾಕುದಾ ಮಾರಾಯ?"

"ಬೇಡ ಮಾವ, ಲಿನಕ್ಸ್ ಹಾಕುವ. ಖಾಲಿ ಪೆನ್‌ಡ್ರೈವ್ ಉಂಟಾ?"

"ಉಂಟು. ಅದ್ರಲ್ಲಿ ಯಕ್ಷಗಾನ ಆಟದ ವಿಡಿಯೊ ಉಂಟು."

"ಅದೆಲ್ಲ ಅಳಿಸಿ ಹೋಗ್ತದೆ."

"ಹಾಗಾದ್ರೆ ಖಾಲಿ ಇಲ್ಲ."

ಮೂವತ್ತೆರಡು ಜಿಬಿಯಲ್ಲಿ ಅರ್ಧ ಜಾಗ ಹಾಗೇ ಇದೆ, ಮಿಂಟ್ ಇಡಿಯಾಗಿ ಅಡಗಿರುವ ಐಎಸ್‌ಒ ಎಂಬ ಫೈಲು ಸುಮಾರು 3 ಜಿಬಿ, ಒಂದು ಮೂಲೆಯಲ್ಲಿ ಕಾಪಿ ಮಾಡಿದರೆ ಆಗುವುದಿಲ್ಲವಾ ಎಂದು ಮಾವನ ತರ್ಕ. ಪೆದ್ದು ಪ್ರಶ್ನೆಯೇನಲ್ಲ. ಆದರೆ ಆಗಷ್ಟೇ ಆನ್ ಆದ ಕಂಪ್ಯೂಟರ್‌ಗೆ ಐಎಸ್‌ಒ ಬಿಚ್ಚಿ ಒಳಗೆ ನೋಡುವಷ್ಟು ತಿಳಿವಳಿಕೆ ಇರುವುದಿಲ್ಲ. ಅದು ಪೆನ್‌ಡ್ರೈವ್‌ನಲ್ಲಿ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರಲ್ಲಿ ಇಂಥದ್ದೇ ಹೆಸರಿನ ಫೈಲು ಉಂಟಾ ಎಂದು ನೋಡುತ್ತದೆ, ಅಷ್ಟೆ. ಇಡೀ ಐಎಸ್‌ಒವನ್ನು ಸುಮ್ನೆ ಕಾಪಿ ಮಾಡಿದರೆ ಆ ಫೋಲ್ಡರ್ ಒಳಗೇ ಮುಚ್ಚಿಕೊಂಡಿರುತ್ತದೆ. ಅದನ್ನು ಹೊರಗೆ ಹರಡಿ ಬರೆಯುವುದೇ ರೂಫಸ್, ಎಚರ್ ಮುಂತಾದ ತಂತ್ರಾಂಶಗಳ ಕೆಲಸ. 2020ರಲ್ಲಿ ಬಂದ ವೆಂಟಾಯ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಮಾವನ ತರ್ಕ ಒಪ್ಪಿಗೆ. ಒಮ್ಮೆ ಅದನ್ನು ಪೆನ್‌ಡ್ರೈವ್‌ಗೆ ಹಾಕಿಬಿಟ್ಟರೆ, ಆಮೇಲೆ ಐಎಸ್‌ಒಗಳನ್ನು ಕಾಪಿ ಮಾಡಿದರೆ ಸಾಕು, ಪಕ್ಕದಲ್ಲಿ ಯಕ್ಷಗಾನವೂ ಇರಬಹುದು. ಆದರೆ ಮೊದಲ ಸಲ ಹಾಕುವಾಗ ಸಾಮಾನ್ಯವಾಗಿ ಅದೂ ಎಲ್ಲವನ್ನೂ ಅಳಿಸುತ್ತದೆ.

ಕೊನೆಗೆ ವಿಡಿಯೊಗಳೆಲ್ಲ ನನ್ನ ಲ್ಯಾಪ್‌ಟಾಪ್‌ಗೆ ಹೋದವು. ಪ್ರತಿಯೊಂದನ್ನೂ ತೆರೆದು, ಚೆಂಡೆ ಕೇಳಿಸಿದ ಮೇಲೆಯೇ ಮಾವ ತಲೆಯಾಡಿಸಿದರು.

ರೂಫಸ್ ಕೆಲಸ ಶುರು ಮಾಡುವ ಮೊದಲು ದೊಡ್ಡಕ್ಷರದಲ್ಲಿ ಎಚ್ಚರಿಸುತ್ತದೆ, ಇದರಲ್ಲಿರುವುದೆಲ್ಲ ನಾಶವಾಗುತ್ತದೆ ಎಂದು. ನನಗೆ ಆ ಮರ್ಯಾದೆ ಇಷ್ಟ. ಇದೇ ಕೆಲಸಕ್ಕೆ ಬಳಸುವ, ಯುನಿಕ್ಸ್ ಕಾಲದ ಡಿಡಿ ಎಂಬ ಕಮಾಂಡಿಗೆ ಅಂಥ ದಾಕ್ಷಿಣ್ಯ ಇಲ್ಲ. ಹೇಳಿದ್ದನ್ನು ಮಾಡುತ್ತದೆ, ಮರುಮಾತಿಲ್ಲ. ಪೆನ್‌ಡ್ರೈವ್‌ನ ಹೆಸರು ಎಸ್‌ಡಿಬಿ ಎಂದು ಬರೆಯುವಲ್ಲಿ ಹಾರ್ಡ್ ಡಿಸ್ಕ್‌ನ ಹೆಸರು ಎಸ್‌ಡಿಎ ಎಂದು ಬಿದ್ದರೆ ಪೆನ್‌ಡ್ರೈವ್ ಉಳಿಯುತ್ತದೆ, ಲ್ಯಾಪ್‌ಟಾಪ್ ಹೋಗುತ್ತದೆ. ಡಿಸ್ಕ್ ಡೆಸ್ಟ್ರಾಯರ್ ಎಂದು ಅದಕ್ಕೆ ಅಡ್ಡಹೆಸರು ಬಿದ್ದದ್ದು ಸುಮ್ನೆ ಅಲ್ಲ. ಹೆಸರಿನ ಪಕ್ಕದ ಗಾತ್ರ ನೋಡಿ ಗುರುತು ಹಿಡಿಯುವುದು ಕ್ಷೇಮ. ಮೂವತ್ತೆರಡು ಜಿಬಿಯ ಹಾರ್ಡ್ ಡಿಸ್ಕ್ ಈಗ ಯಾರಲ್ಲೂ ಇಲ್ಲ.

ಬರೆಯುವುದು ಅರ್ಧ ಆಗುವಾಗ ಪಡುವಣ ಕಪ್ಪಾಗಿ ಗುಡುಗು ಶುರುವಾಯಿತು. ನಮ್ಮಲ್ಲಿ ಗುಡುಗು ಬಂದರೆ ಮನೆಯ ಪ್ಲಗ್ಗುಗಳೆಲ್ಲ ಹೊರಗೆ. ಅತ್ತೆ ಟಿವಿ, ಫ್ರಿಜ್, ವೈಫೈ ಮುಗಿಸಿ ನನ್ನ ಚಾರ್ಜರನ್ನೂ ಕಿತ್ತರು. "ಸಿಡಿಲಿಗೆ ನಿಮ್ಮ ಲಿನಕ್ಸ್ ಗೊತ್ತುಂಟಾ?" ಬ್ಯಾಟರಿ ಇತ್ತು, ಕೆಲಸ ನಡೆಯಿತು. ಸ್ಕ್ರೀನಿನ ಮೇಲೆ ನೂರು ಶೇಕಡಾ ಬಂದರೂ ಪೆನ್‌ಡ್ರೈವ್‌ನ ಕೆಂಪು ದೀಪ ಮಿಣುಕುತ್ತಲೇ ಇತ್ತು. ಡಿಡಿಯಂಥವು ಬರೆದೆ ಎಂದಾಗಲೂ ಕೆಲವೊಮ್ಮೆ ಅರ್ಧ ಮೆಮೊರಿಯಲ್ಲೇ ಉಳಿದಿರುತ್ತದೆ. ಎಜೆಕ್ಟ್ ಒತ್ತಿ, ಅದು ಸರಿ ಎಂದ ಮೇಲೆಯೇ ಎಳೆಯಬೇಕು. ಅವಸರದವರಿಗೆ ಇದು ಹೇಳಿದ ಕೆಲಸವಲ್ಲ.

ಮಳೆ ಬಿಟ್ಟ ಮೇಲೆ ಮಾವನ ಲ್ಯಾಪ್‌ಟಾಪ್ ಆನ್ ಮಾಡಿದೆವು. ಪೆನ್‌ಡ್ರೈವ್‌ನಿಂದ ಶುರು ಮಾಡು ಎಂದು ಹೇಳುವ ಬೂಟ್ ಮೆನುವಿಗೆ ಒಂದು ಕಂಪನಿಯದ್ದು ಎಫ್12, ಇನ್ನೊಂದರದ್ದು ಎಫ್9, ಮತ್ತೊಂದರದ್ದು ಎಸ್ಕೇಪ್. ಇವರೆಲ್ಲ ಒಂದು ದಿನ ಕೂತು ಮಾತಾಡಿಕೊಳ್ಳಬಾರದಾ? ಕ್ಷಣ ತಪ್ಪಿದರೆ ವಿಂಡೋಸ್ ಎದ್ದುಬಿಡುತ್ತದೆ. ಹಾಗಾಗಿ ಒಂದು ಕೀಲಿಯನ್ನು ಟಕಟಕ ಒತ್ತುತ್ತಲೇ ಇರುವುದು ಸಂಪ್ರದಾಯ.

ಮಿಂಟ್‌ನ ಪರದೆ ಬಂದಾಗ ಮಾವ ಹೌಹಾರಿದರು. "ನನ್ನ ವಿಂಡೋಸ್ ಹೋಯ್ತಾ?" ಇಲ್ಲ. ಮೇಳದವರು ಗದ್ದೆಗೆ ಬಯಲಾಟಕ್ಕೆ ಬಂದ ಹಾಗೆ ಇದು, ಮಾವ. ರಂಗಸ್ಥಳ ಅವರದ್ದೇ, ಲೈಟು ಅವರದ್ದೇ, ಚೌಕಿಯೂ ಅವರದ್ದೇ. ಬೆಳಗಾಗುವಾಗ ಕಟ್ಟಿಕೊಂಡು ಹೊರಡುತ್ತಾರೆ, ಗದ್ದೆಯ ಧನಿಗಳ ಮನೆಯ ಚೊಂಬೂ ಅಲುಗಿರುವುದಿಲ್ಲ. ಎಲ್ಲವೂ ಪೆನ್‌ಡ್ರೈವ್‌ನಿಂದ ಬಂದು ರ‍್ಯಾಮ್‌ನಲ್ಲೇ ನಡೆಯುತ್ತದೆ. ಇನ್‌ಸ್ಟಾಲ್ ಒತ್ತುವವರೆಗೆ ಹಾರ್ಡ್ ಡಿಸ್ಕ್‌ನಲ್ಲಿ ಅದು ಏನನ್ನೂ ಬರೆಯುವುದಿಲ್ಲ.

ಇದು ಮಾವನಿಗೆ ಹಿಡಿಸಿತು. ಕೊಳ್ಳುವ ಮೊದಲು ನೋಡಲು ಬಿಡುವ ವ್ಯಾಪಾರ! ಅವರು ಬಿಡುವವರಲ್ಲ. ವೈಫೈ ಸಿಕ್ಕಿತು. ಸೌಂಡ್ ಬಂತು. ಬ್ಲೂಟೂತ್ ಹಿಡಿಯಿತು. ಕೊನೆಗೆ ಒಳಕೋಣೆಯಿಂದ ಪ್ರಿಂಟರ್ ಹೊತ್ತು ತಂದರು. ಅದೂ ತಾನಾಗಿಯೇ ಗುರುತು ಸಿಕ್ಕಿ, ಪರೀಕ್ಷೆಯ ಹಾಳೆ ಹೊರಗೆ ಬಂತು.

ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ನೀಲಿ ಬರುದಿಲ್ಲ ಮಾರಾಯ ಇದ್ರಲ್ಲಿ."

"ನೀಲಿ ಶಾಯಿ ಮುಗಿದು ವರ್ಷ ಆಯ್ತು," ಎಂದರು ಅತ್ತೆ ಒಳಗಿನಿಂದ.