ಡಿಸೆಂಬರ್ ಮತವನ್ನೂ ಬರೆಯಿರಿ
ಅಮೆರಿಕದ ಮೇಯ್ನ್ ರಾಜ್ಯದ ರಿಪಬ್ಲಿಕನ್ ಸೆನೆಟರ್ ಸೂಸನ್ ಕಾಲಿನ್ಸ್ ಒಬಾಮಾಕೇರ್ (ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನು) ಉಳಿಸಿದರು ಅಂತ ನಿಮ್ಮ ಲೇಖನದಲ್ಲಿ ಹೊಗಳಿದ್ದೀರಿ. ನಿಜ, 2017ರ ಜುಲೈನಲ್ಲಿ ಅದೇ ಪಕ್ಷದ ಸೆನೆಟರ್‌ಗಳಾದ ಮೆಕೇನ್, ಮರ್ಕೌಸ್ಕಿ ಜೊತೆ ಸೇರಿ, ಆ ಕಾನೂನು ರದ್ದು ಮಾಡುವ ಸ್ವಂತ ಪಕ್ಷದ ಮಸೂದೆಯ ವಿರುದ್ಧವೇ ಮತ ಹಾಕಿದರು, ಅದಕ್ಕೆ ಧೈರ್ಯ ಬೇಕು. ಆದರೆ ಅದೇ ಡಿಸೆಂಬರ್‌ನಲ್ಲಿ ಮಾಡಿದ್ದನ್ನು ಯಾಕೆ ಬಿಟ್ಟಿರಿ? ಕಂಪನಿ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿದ ಮಸೂದೆಗೆ ಇವರೂ ಹೌದು ಅಂದರು, ಒಬಾಮಾಕೇರ್ ಅಡಿ ಆರೋಗ್ಯ ವಿಮೆ ಮಾಡಿಸದವರಿಗಿದ್ದ ದಂಡವನ್ನು ಸೊನ್ನೆ ಮಾಡಿದ್ದೂ ಅದೇ ಮಸೂದೆ. ದಂಡ ಹೋದರೂ ವಿಮೆಯ ಪ್ರೀಮಿಯಂ ಏರದಂತೆ ಬೇರೆ ಮಸೂದೆಗಳನ್ನು ತರುತ್ತೇವೆ ಅಂತ ಸೆನೆಟ್‌ನಲ್ಲಿ ಆಗಿನ ಪಕ್ಷದ ನಾಯಕ ಮೆಕಾನೆಲ್ ಕೊಟ್ಟ ಮಾತನ್ನು ನಂಬಿದ್ದರು. ಆ ಮಸೂದೆಗಳು ಪಾಸಾಗಲೇ ಇಲ್ಲ! ಬರೀ ಮಾತು ನಂಬಿ ಮತ ಕೊಟ್ಟಿದ್ದು ದೊಡ್ಡ ತಪ್ಪು ಅಲ್ವಾ? 2025ರಲ್ಲಿ ಬಡವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೈಡ್ ಅನ್ನು ಕಡಿತ ಮಾಡುವ ಮಸೂದೆಗೆ ಬೇಡ ಅಂದರು, ಅದು ಸರಿಯಾದ ಮತ. ದಯವಿಟ್ಟು ಮೂರನ್ನೂ ಒಟ್ಟಿಗೆ ಓದುಗರ ಮುಂದಿಡಿ.