ಸತ್ಯಾಂಶ: ಉಪಗ್ರಹ ಬೋರ್ ಪಾಯಿಂಟ್ ತೋರಿಸುತ್ತದೆಯೇ?

‘ನಿಮ್ಮ ಹೊಲದಲ್ಲಿ ಎಷ್ಟು ಅಡಿಗೆ ನೀರಿದೆ, ಉಪಗ್ರಹ ನೋಡಿ ಹೇಳುತ್ತೇವೆ’ ಎಂಬ ಫಾರ್ವರ್ಡ್ ಚಿತ್ರದುರ್ಗದ ಕಡೆ ನಿಮಗೂ ಬಂದಿರಬಹುದು. ನಂಬಬೇಡಿ.

ಉಪಗ್ರಹದ ಫೋಟೊದಲ್ಲಿ ಕಾಣುವುದು ನೆಲದ ಮೇಲ್ಮೈ. ಯುರೋಪಿನ ಸೆಂಟಿನೆಲ್-2 ಉಪಗ್ರಹ ತೆಗೆದ ಚಿತ್ರದ ಒಂದು ಚುಕ್ಕೆ 10 ಮೀಟರ್ ಚೌಕ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ; ಬಾಡಿದ ಎಲೆಯಲ್ಲಿ ಈ ಅಂತರ ತಗ್ಗುತ್ತದೆ. ವಿಮಾ ಕಂಪನಿಗಳು, ಕೃಷಿ ಸ್ಟಾರ್ಟಪ್‌ಗಳು ಶೇಂಗಾ, ಮೆಕ್ಕೆಜೋಳದ ಸ್ಥಿತಿ ಅಂದಾಜಿಸುವುದು ಹೀಗೆಯೇ. ಮೋಡ ಕವಿದರೆ ಅದೂ ಕಷ್ಟ.

ಭೂಮಿಯ ಗುರುತ್ವಾಕರ್ಷಣೆಯ ವ್ಯತ್ಯಾಸ ಅಳೆಯುವ ಗ್ರೇಸ್ ಉಪಗ್ರಹಗಳು ಅಂತರ್ಜಲದ ಏರಿಳಿತ ಅಳೆದದ್ದು ನಿಜ, ಆದರೆ ನೂರಾರು ಕಿಲೋಮೀಟರ್ ವ್ಯಾಪ್ತಿಗೆ. ಬಂಡೆಯ ಬಿರುಕುಗಳ ಸುಳಿವು ಚಿತ್ರಗಳಲ್ಲಿ ಸಿಗಬಹುದು; ನೀರಿನ ಖಾತರಿಯಲ್ಲ. ಸಾಲ ಮಾಡಿ ಬೋರ್ ಕೊರೆಸುವವರು ದಯವಿಟ್ಟು ಭೂವಿಜ್ಞಾನಿಯನ್ನು ಹೊಲಕ್ಕೇ ಕರೆಸಿ ಪರೀಕ್ಷೆ ಮಾಡಿಸಿ.