ರುಚಿಯೇ ಇಲ್ಲ, ಇನ್ನೊಂದು ಲೋಟ ಕೊಡಿ!

ಜಪಾನಿನ ಟಿವಿಯಲ್ಲಿ 1990ರಲ್ಲಿ ಬಂದ ಜಾಹೀರಾತೊಂದು ಇಂದಿಗೂ ಅಲ್ಲಿ ಮನೆಮಾತು. ಖಳನ ಪಾತ್ರಗಳಿಗೆ ಹೆಸರಾದ ನಟನೊಬ್ಬ 'ಅಓಜಿರು' ಎಂಬ ಕಡುಹಸಿರು ಸೊಪ್ಪಿನ ರಸವನ್ನು ಗಟಗಟನೆ ಕುಡಿದು, ಮುಖ ಕಿವುಚಿ ಹೇಳುತ್ತಾನೆ: "ರುಚಿಯೇ ಇಲ್ಲ! ಇನ್ನೊಂದು ಲೋಟ!" ನಾಲಿಗೆಗೆ ಇಷ್ಟು ಹಿಂಸೆ ಕೊಡುವುದು ಹೊಟ್ಟೆಗೆ ಪುಣ್ಯ ತಾರದೆ ಇದ್ದೀತೆ?

ಆ ಖಳನೇ ಎಷ್ಟೋ ವಾಸಿ, ನಿಜ ಹೇಳಿದ. ಬೆಳ್ಳುಳ್ಳಿ ಮತ್ತು ಮೊಟ್ಟೆಯ ಹಳದಿ ಬೆರೆಸಿದ ಗುಳಿಗೆ, ಆಮೆಯ ಪುಡಿ, ಕಪ್ಪು ವಿನೆಗರ್ ಇವನ್ನೆಲ್ಲ ಆರೋಗ್ಯಕ್ಕೆಂದು ಮಾರುವವರ ಕಷ್ಟ ಬೇರೆ. ಆಹಾರ ಮಾರುವವನು ರೋಗ ವಾಸಿಮಾಡುತ್ತೇನೆ ಎನ್ನಲು ಅಲ್ಲಿನ ಕಾನೂನು ಬಿಡುವುದಿಲ್ಲ. ಆದ್ದರಿಂದ ಯಾರೂ ಮಂಡಿನೋವಿನ ಹೆಸರೆತ್ತುವುದಿಲ್ಲ. ಜಾಹೀರಾತಿನಲ್ಲಿ ಅಜ್ಜಿಯೊಬ್ಬರು ದೇವಸ್ಥಾನದ ಮೆಟ್ಟಿಲನ್ನು ಸರಸರನೆ ಹತ್ತಿ, ಮೇಲೆ ನಿಂತು ನಗುತ್ತಾರೆ, ಅಷ್ಟೆ. ಪರದೆಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರ: 'ಇದು ವೈಯಕ್ತಿಕ ಅನಿಸಿಕೆ.' ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಾಟ್ಟೊದ ಕಥೆಯಲ್ಲಿ ಮಾತ್ರ ಕೋಲು ಮುರಿಯಿತು. ನಾಟ್ಟೊ ಎಂದರೆ ಬೇಯಿಸಿ ಹುದುಗು ಬರಿಸಿದ ಸೋಯಾ ಕಾಳು. ಕಡ್ಡಿಯಲ್ಲಿ ಎತ್ತಿದರೆ ಲೋಳೆಯ ಎಳೆಗಳು ಬಾಯಿಯವರೆಗೂ ಬೆನ್ನು ಬಿಡುವುದಿಲ್ಲ, ವಾಸನೆ ಅದಕ್ಕಿಂತ ಮುಂದೆ ಓಡುತ್ತದೆ. ಶತಮಾನಗಳಿಂದ ತಿಂದುಕೊಂಡು ಬಂದ ಪದಾರ್ಥ. 2007ರ ಜನವರಿ 7ರಂದು ಕನ್ಸಾಯ್ ಟಿವಿಯ ಕಾರ್ಯಕ್ರಮವೊಂದು, ಬೆಳಿಗ್ಗೆ ಒಂದು ಪೊಟ್ಟಣ, ರಾತ್ರಿ ಒಂದು ಪೊಟ್ಟಣ, ಕಲಸಿ 20 ನಿಮಿಷ ಬಿಟ್ಟು ತಿಂದರೆ ತೂಕ ಇಳಿಯುತ್ತದೆ ಎಂದು ಸಾರಿತು. ಅಜ್ಜ ಮುತ್ತಜ್ಜಂದಿರು ಆ 20 ನಿಮಿಷ ಕಾಯದೆ ಕೆಟ್ಟರು, ಪಾಪ! ಅಂಗಡಿಗಳ ಕಪಾಟು ಬರಿದಾಯಿತು, ತಯಾರಕರು ಹಗಲಿರುಳು ದುಡಿದರು. ಜನವರಿ 20ಕ್ಕೆ ವಾಹಿನಿಯೇ ಒಪ್ಪಿಕೊಂಡಿತು: ಸಣ್ಣಗಾದವರ ಚಿತ್ರಗಳಲ್ಲಿದ್ದವರಿಗೂ ಪ್ರಯೋಗಕ್ಕೂ ಸಂಬಂಧವಿಲ್ಲ, ಅಮೆರಿಕದ ಪ್ರಾಧ್ಯಾಪಕರ ಬಾಯಲ್ಲಿ ಹಾಕಿದ ಮಾತು ಅವರು ಆಡಿದ್ದಲ್ಲ. ಕಾರ್ಯಕ್ರಮ ನಿಂತಿತು. ನಾಟ್ಟೊಗೆ ಮಾತ್ರ ಏನೂ ಆಗಲಿಲ್ಲ, ಹಾಗೆಯೇ ನಾರುತ್ತಿತ್ತು.

ಇಷ್ಟೆಲ್ಲ ನೋಡಿದ ಸರ್ಕಾರ 2015ರ ಏಪ್ರಿಲ್‌ನಲ್ಲಿ ಹೊಸ ವ್ಯವಸ್ಥೆ ತಂದಿತು. ಬಿಗಿ ಮಾಡಲಿಕ್ಕಲ್ಲ, ಸಡಿಲ ಮಾಡಲಿಕ್ಕೆ. ಕಂಪನಿ ಪುರಾವೆಯ ಕಾಗದಗಳನ್ನು ತಾನೇ ಜೋಡಿಸಿ, ಮಾರುವುದಕ್ಕೆ 60 ದಿನ ಮೊದಲು ಗ್ರಾಹಕ ವ್ಯವಹಾರ ಇಲಾಖೆಗೆ ತಿಳಿಸಿದರೆ ಸಾಕು, 'ಕೊಲೆಸ್ಟರಾಲ್ ತಗ್ಗಿಸುತ್ತದೆ' ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಬಹುದು. ಇಲಾಖೆ ಇದನ್ನು ಪರಿಶೀಲಿಸಿಲ್ಲ ಎಂದೂ ಅದೇ ಪೊಟ್ಟಣದಲ್ಲಿ ಬರೆಯಬೇಕು. ಮುದ್ರೆ ಒತ್ತಿದ ಕೈಯೇ 'ನನಗೇನೂ ಗೊತ್ತಿಲ್ಲ' ಎಂದು ಸಹಿ ಹಾಕುವ ಇಂಥ ಪತ್ರ ಯಾವ ತಾಲ್ಲೂಕು ಕಚೇರಿಯ ಗುಮಾಸ್ತರಿಗೂ ಹೊಳೆದಿರಲಿಕ್ಕಿಲ್ಲ.

ಹೀಗೆ ಮಾರಾಟವಾದವುಗಳಲ್ಲಿ ಕೆಂಪು ಬೂಷ್ಟಿನ ಅಕ್ಕಿ 'ಬೆನಿಕೋಜಿ'ಯ ಗುಳಿಗೆಯೂ ಒಂದು. ಅದನ್ನು ತಿಂದವರ ಮೂತ್ರಪಿಂಡ ಕೆಟ್ಟಿದೆ ಎಂದು ವೈದ್ಯರು 2024ರ ಜನವರಿಯಲ್ಲೇ ಅದನ್ನು ಮಾರುತ್ತಿದ್ದ ಕೊಬಯಾಶಿ ಔಷಧ ಕಂಪನಿಗೆ ತಿಳಿಸಿದ್ದರು. ಕಂಪನಿ ಊರಿಗೆ ತಿಳಿಸಿದ್ದು ಮಾರ್ಚ್ 22ಕ್ಕೆ. ಆಮೇಲೆ ಕೋಟೆ ಬಾಗಿಲು ಹಾಕಿದರು: ಇಂಥ ತೊಂದರೆಯನ್ನು ತಡಮಾಡದೆ ವರದಿ ಮಾಡುವುದು 2024ರ ಸೆಪ್ಟೆಂಬರಿನಿಂದ ಕಡ್ಡಾಯ. ಅಲ್ಲಿಯವರೆಗೆ ಅದು ಮಾರ್ಗಸೂಚಿಯ ಸಲಹೆಯಾಗಿತ್ತು.